ಹನ್ನೊಂದು ಭಾಷೆಯ ವಿಧವೆ

ನೇಮಣ್ಣ ಮಾಸ್ತರ ಕೆಟ್ಟವನೆಂದು ಹುಕ್ಕೇರಿಯಲ್ಲಿ ಒಬ್ಬರೂ ಹೇಳಲಿಕ್ಕಿಲ್ಲ. ಹುಡುಗರಿಗೆ ಹೊಡೆಯುತ್ತಿರಲಿಲ್ಲ, ಸಾಲೆಗೆ ತಡವಾಗಿ ಹೋಗುತ್ತಿರಲಿಲ್ಲ, ಹೆಂಡತಿಯ ಮೇಲೆ ದನಿಯೇರಿಸುತ್ತಿರಲಿಲ್ಲ. ಯಾವುದಾದರೂ ಒಂದು ಶಬ್ದ ತಲೆಗೆ ಹೊಕ್ಕಿತೆಂದರೆ ಮಾತ್ರ ಅದರ ಬೇರು ಸಿಗುವ ತನಕ ಬಿಡುತ್ತಿರಲಿಲ್ಲ. ಅದೊಂದೇ ಅವನ ಚಟ. ತಂಬಾಕಿನ ಚಟದವರು ತಮ್ಮ ಹಲ್ಲು ತಾವು ಕೆಡಿಸಿಕೊಳ್ಳುತ್ತಾರೆ, ಹೋಗಲಿ ಅನ್ನಬಹುದು. ಇವನ ಚಟ ಒಡಹುಟ್ಟಿದವಳ ಬಾಳು ಕೆಡಿಸಿತು.

ಚಟ ಹತ್ತಿಸಿದವನು ಬೆಳಗಾವಿಯ ಕ್ಯಾಂಪಿನಲ್ಲಿದ್ದ ಒಬ್ಬ ಮುದಿ ಪಾದ್ರಿ. ನೇಮಣ್ಣ ಹೊಸದಾಗಿ ನೌಕರಿಗೆ ಸೇರಿದಾಗ ಅವನ ಹತ್ತಿರ ಲ್ಯಾಟಿನ್ ಕಲಿಯಲು ತಿಂಗಳಿಗೆರಡು ಸಲ ಹೋಗುತ್ತಿದ್ದ. ನಲವತ್ತೇಳರಲ್ಲಿ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿದಾಗ ಪಾದ್ರಿಯೂ ಕಟ್ಟಿದ. ಹೋಗುವಾಗ ಒಂದು ಟ್ರಂಕಿನ ತುಂಬ ನಿಘಂಟುಗಳನ್ನು ನೇಮಣ್ಣನ ಮನೆಗೆ ಕಳಿಸಿಕೊಟ್ಟ. ಲ್ಯಾಟಿನ್, ಜರ್ಮನ್, ಫ್ರೆಂಚ್, ರಷ್ಯನ್, ಹೆಸರೂ ಕೇಳದ ಇನ್ನೆರಡು ಮೂರು ಭಾಷೆ. ಹೈಸ್ಕೂಲಿನಲ್ಲಿ ಇಂಗ್ಲಿಷೂ ಅರ್ಧಮಾಗಧಿಯೂ ಕಲಿಸುತ್ತಿದ್ದ ಜೈನ ಮಾಸ್ತರನಿಗೆ ಇನ್ನೇನು ಬೇಕು? ಅಂದಿನಿಂದ ಲಗ್ನಪತ್ರಿಕೆಯ ಹಿಂಬದಿ, ಪರೀಕ್ಷೆ ಮುಗಿದ ಉತ್ತರಪತ್ರಿಕೆಯ ಖಾಲಿ ಹಾಳೆ, ಸಿಕ್ಕಿದ್ದನ್ನೆಲ್ಲ ಚೀಟಿ ಮಾಡಿ ಒಂದೊಂದರ ಮೇಲೂ ಒಂದೊಂದು ಶಬ್ದ ಬರೆಯತೊಡಗಿದ.

ಬರೆದದ್ದು ಅವನೇ, ಆದರೆ ಅವನ ಅಕ್ಷರ ಅವನಿಗೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಬರೆದದ್ದನ್ನು ಸಂಜೆ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕಡೆಗೆ ಬಿಸಾಕುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ತಂಗಿ ಪದ್ಮವ್ವ ಮನೆಗೆ ಬಂದಳು. ನಿಡಸೋಸಿಗೆ ಕೊಟ್ಟಿದ್ದರು. ನಲವತ್ತೆಂಟರಲ್ಲಿ ಗಂಡ ವಿಷಮಜ್ವರಕ್ಕೆ ಸಿಕ್ಕು ಹನ್ನೆರಡು ದಿನ ಮಲಗಿ ಹೋಗಿಬಿಟ್ಟ. ಪದ್ಮವ್ವನಿಗೆ ಆಗ ಹದಿನೆಂಟು. ಮಕ್ಕಳಿಲ್ಲ. ಅಣ್ಣ ಹೋಗಿ ಕರೆದುಕೊಂಡು ಬಂದ. ಬಂದ ಮೊದಲ ತಿಂಗಳು ಅವಳು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ನೇಮಣ್ಣನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಹಾಗಾಗಿ ಒಂದು ದಿನ ಚೀಟಿಗಳ ಡಬ್ಬಿ ತಂದು ಅವಳ ಮುಂದಿಟ್ಟು, “ಇವನ್ನ ಛಲೋ ಅಕ್ಷರದಾಗ ಬರದು ಕೊಡವ್ವಾ” ಅಂದ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಕನ್ನಡ, ಬಾಳಬೋಧವೆಂಬ ದೇವನಾಗರಿ, ಅಪ್ಪನಿಂದ ಕಲಿತ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ, ಆಮೇಲೆ ಅಣ್ಣ ಕಲಿಸಿದ ಇಂಗ್ಲಿಷ್ ಲಿಪಿ. ಹತ್ತು ವರ್ಷದಲ್ಲಿ ಹದಿನಾರು ಬಿಸ್ಕೀಟಿನ ಡಬ್ಬಿ ತುಂಬಿದವು. ಯಾವ ಶಬ್ದ ಯಾವ ಡಬ್ಬಿಯಲ್ಲಿದೆಯೆಂದು ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ಶಬ್ದವನ್ನು ಹಿಡಿದವಳೂ ಅವಳೇ. ಐವತ್ತೇಳರ ಶ್ರಾವಣದಲ್ಲಿ ಒಂದು ಸಂಜೆ ಡಬ್ಬಿ ಹರವಿಕೊಂಡು ಕೂತವಳು ಒಂದಿಷ್ಟು ಚೀಟಿಗಳನ್ನು ಸಾಲಾಗಿ ಇಟ್ಟು ನೋಡುತ್ತಿದ್ದಳು.

“ಅಣ್ಣಾ, ಇಲ್ಲಿ ಬರ್ರಿ. ಇವೆಲ್ಲಾ ಒಂದ ಅದಾವಲ್ರಿ.”

ನೇಮಣ್ಣ ಬಂದು ಬಗ್ಗಿ ನೋಡಿದ. ಲ್ಯಾಟಿನ್ನಿನ ವಿದುವಾ. ಇಟಲಿಯ ವೇದೋವಾ. ಸ್ಪೇನಿನ ವಿಯೂದಾ. ಫ್ರೆಂಚರ ವ್ಯೂವ್. ಜರ್ಮನರ ವಿಟ್ವೆ. ಇಂಗ್ಲಿಷರ ವಿಡೋ. ರಷ್ಯದ ವ್ದೊವಾ. ವೇಲ್ಸಿನ ಗ್ವೆದು. ಹಳೆಯ ಐರಿಶಿನ ಫೆದ್ವ್. ಸತ್ತುಹೋದ ಗಾಥಿಕ್ ಭಾಷೆಯ ವಿದುವೋ. ಸಾಲಿನ ತುದಿಗೆ ಅವಳೇ ತನ್ನ ಕೈಯಿಂದ ಸಂಸ್ಕೃತದ ವಿಧವಾ ಎಂಬ ಚೀಟಿ ಇಟ್ಟಿದ್ದಳು.

“ಅಲ್ಲೂ ಅದಾರ ಅನ್ರಿ ಹಂಗಾರ,” ಅಂದಳು ಪದ್ಮವ್ವ. ನಕ್ಕಳು ಕೂಡ.

ನೇಮಣ್ಣನಿಗೆ ಆ ರಾತ್ರಿ ಊಟದ ನೆನಪೂ ಆಗಲಿಲ್ಲ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವಂತಿಲ್ಲ. ಹೆಂಡತಿ ಸೀತಾಬಾಯಿ ಎರಡು ಸಲ ಕರೆದು ಸುಮ್ಮನಾದಳು. ತಿಂಗಳುಗಟ್ಟಲೆ ಅವನು ಆ ಹನ್ನೊಂದು ಚೀಟಿಯ ಬೆನ್ನು ಹತ್ತಿದ. ಕಂಡುಕೊಂಡದ್ದನ್ನು ತಂಗಿಗೆ ಹೇಳಿದ. ನಮ್ಮ ಪಂಡಿತರು ಆ ಶಬ್ದವನ್ನು ಎರಡು ತುಂಡು ಮಾಡುತ್ತಾರೆ, ಧವ ಅಂದರೆ ಗಂಡ, ಅವನಿಲ್ಲದವಳು ವಿಧವಾ ಅನ್ನುತ್ತಾರೆ. ಅದು ತಪ್ಪು. ರೋಮಿನವರಿಗೂ ರಷ್ಯದವರಿಗೂ ಧವ ಗೊತ್ತೇ ಇಲ್ಲ, ಆದರೆ ವಿಧವೆ ಗೊತ್ತು. ಶಬ್ದ ಮೊದಲೇ ಇಡಿಯಾಗಿ ಇತ್ತು, ಅದನ್ನು ಒಡೆದು ಧವ ಎಂಬ ಗಂಡನನ್ನು ಆಮೇಲೆ ಮಾಡಿಕೊಂಡಿದ್ದಾರೆ.

“ಅಂದ್ರ ಮೊದಲ ವಿಧವಿ ಇದ್ಳು, ಆಮ್ಯಾಲ ಗಂಡ ಬಂದಾ,” ಅಂದಳು ಪದ್ಮವ್ವ. “ಮತ್ತ ಆ ಶಬ್ದದಾಗ ಗಂಡ ಇಲ್ಲಂದ್ರ ಏನೈತ್ರಿ?”

ನೇಮಣ್ಣ ಖಾಲಿ ಚೀಟಿಯೊಂದನ್ನು ಅವಳ ಮುಂದೆ ಸರಿಸಿದ. “ಬರಿದಾಗೂದು, ಬ್ಯಾರೆ ಆಗೂದು ಅಂತ ಐತವ್ವಾ. ಬರಿದಾದಕಿ ಅಂತ.”

ಅವಳು ಹೂಂ ಅಂದು ಚೀಟಿಯ ಮೇಲೆ ಬರೆದುಕೊಂಡಳು.

ಮರುವರ್ಷ ಮಸಗುಪ್ಪಿಯ ಪಾರ್ಶ್ವನಾಥ ಎಂಬ ರೈತ ಒಂದು ಬಟ್ಟೆಯ ಗಂಟು ಹಿಡಿದುಕೊಂಡು ಬಂದ. ಅವನೂ ಜೈನ, ಮೂವತ್ತೈದರ ಸುಮಾರಿನವ, ಹೆಂಡತಿ ತೀರಿಕೊಂಡು ಎರಡು ವರ್ಷ, ಒಂದು ಸಣ್ಣ ಹೆಣ್ಣುಮಗು. ಗಂಟಿನಲ್ಲಿ ಅಜ್ಜನ ಕಾಲದ ಮೋಡಿ ಕಾಗದಗಳಿದ್ದವು. ಹೊಲದ ಹಳೆಯ ಹಕ್ಕುಪತ್ರ ಇರಬಹುದು, ಮಾಸ್ತರರು ಓದಿ ಹೇಳಬೇಕು. ಮಾಸ್ತರನಿಗೆ ಗಾಥಿಕ್ ಬರುತ್ತಿತ್ತು, ಮೋಡಿ ಬರುತ್ತಿರಲಿಲ್ಲ. ಪದ್ಮವ್ವ ಒಳಬಾಗಿಲಲ್ಲಿ ಕೂತು ಓದಿದಳು. ಹಕ್ಕುಪತ್ರ ಗಿಕ್ಕುಪತ್ರ ಏನೂ ಅಲ್ಲ, ಅಜ್ಜ ತನ್ನ ತಮ್ಮನಿಗೆ ಬರೆದ ಪತ್ರಗಳು. ಕೆಂದ ಆಕಳು ಮೇವು ಬಿಟ್ಟಿದೆ, ಮೂಗಿನಲ್ಲಿ ನೀರು ಸೋರುತ್ತಿದೆ, ನನಗೂ ಊಟ ಸೇರುತ್ತಿಲ್ಲ, ನೀನು ಬಾ. ಪಾರ್ಶ್ವನಾಥ ಕೇಳುತ್ತ ಕೂತಿದ್ದವನು ನಡುವೆ ಟವೆಲಿನಿಂದ ಕಣ್ಣೊರೆಸಿಕೊಂಡ. “ಆಮ್ಯಾಲ ಆ ಆಕಳಾ ಏನಾತ್ರಿ?” ಎಂದು ಒಳಬಾಗಿಲಿನತ್ತ ನೋಡದೆ ಕೇಳಿದ. “ಇದರಾಗ ಬರದಿಲ್ರಿ. ಇನ್ನೊಂದು ಕಾಗದ ಇದ್ರ ತರ್ರಿ,” ಅಂದಳು ಪದ್ಮವ್ವ. ಅವನು ಇನ್ನೂ ಮೂರು ಸಲ ಕಾಗದ ತಂದ.

ಅದರ ಮುಂದಿನ ಸಲ ಕಾಗದದ ಬದಲು ಅವನ ಸೋದರತ್ತೆ ಗೌರಕ್ಕ ಬಂದಳು. ಬೆಲ್ಲ ನೀರು ಕುಡಿದು, ಸುತ್ತು ಬಳಸದೆ ಕೇಳಿದಳು. “ಮಾಸ್ತರ, ನಿಮ್ಮ ಪದ್ಮವ್ವನ್ನ ನಮ್ಮ ಪಾರ್ಶ್ವನಾಥಗ ಉಡಿಕಿ ಮಾಡಿ ಕೊಡ್ರಿ.”

ಉಡಿಕೆ ಅಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುವುದು. ಆ ಕಡೆಯ ಒಕ್ಕಲು ಜೈನರಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದೇ. ಆದರೆ ಈಚೆಗೆ ನಾಲ್ಕು ಅಕ್ಷರ ಕಲಿತವರಿಗೆ ಅದೊಂದು ನಾಚಿಕೆಯ ಸಂಗತಿಯಾಗಿತ್ತು. ನಾವೇನು ಹಂಥವರೇ, ಮೇಲಿನವರು ಮಾಡುತ್ತಾರೆಯೇ ಎಂದು ಹುಕ್ಕೇರಿಯ ಪಂಚರು ಮೂಗು ಮುರಿಯುತ್ತಿದ್ದರು. ಮೂಗು ಮುರಿದರೂ ಇಲ್ಲ ಅನ್ನುವ ವಾಡಿಕೆಯಿರಲಿಲ್ಲ. ಹುಡುಗಿಯ ಅಪ್ಪನೋ ಅಣ್ಣನೋ ಬಸದಿಯಲ್ಲಿ ಪಂಚರ ಮುಂದೆ ನಿಂತು, ಕೈ ಮುಗಿದು, ನಮ್ಮ ಹೆಣ್ಣುಮಗಳನ್ನು ಇಂಥವರಿಗೆ ಕೊಡುತ್ತೇನೆ ಅಂದರೆ ಮುಗಿಯಿತು. ಒಂದೇ ಮಾತು. ಗೊಣಗಿಕೊಂಡಾದರೂ ಪಂಚರು ಒಪ್ಪಿಗೆಯ ಎಲೆ ಅಡಿಕೆ ಹಾಕಿಕೊಳ್ಳಲೇಬೇಕು.

ಸೀತಾಬಾಯಿ ಒಳಗೆ ಹೋಗಿ ಪದ್ಮವ್ವನನ್ನು ಕೇಳಿದಳು. ಪದ್ಮವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, “ನನಗ ಮನಸೈತಿ ಅಂತ ಅಣ್ಣಗ ಹೇಳ್ರಿ ವೈನಿ,” ಅಂದಳು. ಹತ್ತು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ.

ನೇಮಣ್ಣನಿಗೆ ಸಂತೋಷವಾಯಿತು. ಖರೇನೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಸಂತೋಷದ ಹಿಂದೆಯೇ, ಹದಿನಾರು ಡಬ್ಬಿಗಳ ಕಡೆ ಕಣ್ಣು ಹೋಗಿ, ಎದೆಯಲ್ಲಿ ಏನೋ ಸಣ್ಣಗೆ ಕುಸಿದ ಹಾಗೂ ಆಯಿತು. ಅದನ್ನು ಅವನು ತಂಗಿ ದೂರವಾಗುವ ದುಃಖವೆಂದು ತಿಳಿದುಕೊಂಡ.

ಹೋಗಿ ಒಂದು ಮಾತು ಹೇಳಿ ಬರುವುದು ಬಿಟ್ಟು ಈ ಪುಣ್ಯಾತ್ಮ ಲೇಖನ ಬರೆಯಲು ಕೂತ. ಅವನ ಲೆಕ್ಕ ಹೀಗಿತ್ತು: ಪಂಚರು ಗೊಣಗಿಕೊಂಡು ಒಪ್ಪಿದರೆ ತಂಗಿ ಜೀವಮಾನವಿಡೀ ಆ ಗೊಣಗಾಟ ಹೊತ್ತುಕೊಂಡು ತಿರುಗಬೇಕು. ಅದರ ಬದಲು ಅವರ ಕಣ್ಣು ತೆರೆಸಬೇಕು. ವಿಧವೆ ಎಂಬ ಶಬ್ದದಲ್ಲಿ ಪಾಪವಿಲ್ಲ, ಕರ್ಮವಿಲ್ಲ, ಗಂಡನೂ ಇಲ್ಲ, ಲೋಕದಲ್ಲೆಲ್ಲ ಇರುವ ಹಳೆಯ ಮಾತು ಅದು ಎಂದು ತಿಳಿದರೆ ಮೂಗು ಮುರಿಯುವುದು ತಾನೇ ನಿಲ್ಲುತ್ತದೆ. ಇಂಥ ಲೆಕ್ಕ ಮಾಸ್ತರರಿಗಲ್ಲದೆ ಇನ್ಯಾರಿಗೆ ಹೊಳೆದೀತು. ಮೂರು ವಾರ ಬರೆದ. ನಲವತ್ತೊಂದು ಪುಟ. ಶುದ್ಧ ಪ್ರತಿ ಮಾಡಿದವಳು ಪದ್ಮವ್ವ. ಬೇರೆ ಯಾರು ಮಾಡಬೇಕು?

“ನಿಮ್ಮ ಕಾಗದಾ ಮನ್ಯಾಗ ಇಡ್ರಿ,” ಅಂದಳು ಸೀತಾಬಾಯಿ. “ಕೈ ಮುಗದು ಒಂದು ಮಾತು ಹೇಳಿ ಬರ್ರಿ. ಅವ್ರು ಲೇಖನಾ ಕೇಳ್ಯಾರೇನು?”

“ನಿನಗ ತಿಳ್ಯಾಂಗಿಲ್ಲ,” ಅಂದ ನೇಮಣ್ಣ.

ಕಡೆಯ ಪುಟ ಬರೆಯುವಾಗ ಪದ್ಮವ್ವನ ಲೇಖನಿ ನಿಂತಿತು. ಮೂಲಧಾತುವಿನ ಅರ್ಥ ಇದ್ದದ್ದು ಆ ಪುಟದಲ್ಲಿ. ಬರಿದಾಗುವುದು, ಬೇರೆಯಾಗುವುದು.

“ಅಣ್ಣಾ, ಈ ಕಡೀ ಪುಟಾ ಓದಬ್ಯಾಡ್ರಿ.”

“ಯಾಕವ್ವಾ?”

“ಹಿರ್ಯಾರಿಗೆ ಅದೊಂದ ತಿಳೀತೈತಿ. ಉಳಿದದ್ದು ತಿಳ್ಯಾಂಗಿಲ್ಲ.”

“ಅದನ್ನ ಬಿಟ್ರ ಲೇಖನಕ್ಕ ಜೀವಾನ ಇಲ್ಲ ಪದ್ಮಾ. ಖರೆ ಇದ್ದದ್ದನ್ನ ಮುಚ್ಚಿಟ್ಟು ಹೆಂಗ ಓದಲಿ?”

ಅವಳು ಕಡೆಯ ಪುಟವನ್ನೂ ಅಷ್ಟೇ ಚೆಂದವಾಗಿ ಬರೆದು, ಮಸಿ ಆರಿದ ಮೇಲೆ ಹಾಳೆಗಳನ್ನು ದಾರದಿಂದ ಹೊಲಿದು ಕೊಟ್ಟಳು.

ಭಾನುವಾರ ಪೂಜೆ ಮುಗಿದ ಮೇಲೆ ಬಸದಿಯ ಪಡಸಾಲೆಯಲ್ಲಿ ಪಂಚರು ಸೇರಿದರು. ಹಿರಿಯರು ಆದಗೌಡರು. ಅಕ್ಷರ ಕಲಿತವರಲ್ಲ, ಆದರೆ ಎದುರಿಗಿದ್ದವನ ಮಾತಿನಲ್ಲಿ ಬಿರುಕು ಎಲ್ಲಿದೆಯೆಂದು ಕೂತಲ್ಲೇ ಕಾಣುತ್ತಿದ್ದ ಮನುಷ್ಯ. ಕಂಬದ ಪಕ್ಕ ಮಸಗುಪ್ಪಿಯ ಪಾರ್ಶ್ವನಾಥ ಗೌರಕ್ಕನ ಜೊತೆ ಕೂತಿದ್ದ. ತಲೆಗೆ ಹೊಸ ಪಟಕಾ ಸುತ್ತಿದ್ದ. ಹೆಂಗಸರು ಒಳಗಿನ ಕಟ್ಟೆಯ ಮೇಲೆ. ಪದ್ಮವ್ವ ಅವರ ಹಿಂದೆ.

ನೇಮಣ್ಣ ಕೈ ಮುಗಿದ. ಹೇಳಬೇಕಾದ ಆ ಒಂದು ಮಾತನ್ನು ಅಲ್ಲೇ ಹೇಳಿಬಿಟ್ಟಿದ್ದರೆ ಆಗಿತ್ತು. ಕೈ ಇಳಿಸಿ ಹೊಲಿದ ಹಾಳೆ ತೆಗೆದ. “ಮೊದಲ ಸ್ವಲ್ಪ ಓದ್ತೇನ್ರಿ, ಆಮ್ಯಾಲ ವಿಷಯಕ್ಕ ಬರ್ತೇನಿ,” ಅಂದ. ಮುಕ್ಕಾಲು ತಾಸು ಓದಿದ. ರೋಮಿನವರ ಮಾತು, ರಷ್ಯದವರ ಮಾತು, ವೇಲ್ಸ್ ಎಂಬ ಊರಿನವರ ಮಾತು. ಒಬ್ಬ ಪಂಚ ಆಕಳಿಸಿದ, ಇನ್ನೊಬ್ಬ ಬಿಸಿಲು ನೋಡಿದ. ಆದಗೌಡರು ಮಾತ್ರ ಕಣ್ಣು ಮುಚ್ಚಿಕೊಂಡು ಪೂರಾ ಕೇಳಿದರು. ಓದುತ್ತ ಓದುತ್ತ ನೇಮಣ್ಣನಿಗೆ ಹುರುಪು ಬಂತು. ಇಷ್ಟು ವರ್ಷದಲ್ಲಿ ಅವನ ಶಬ್ದಗಳನ್ನು ತಂಗಿಯ ಹೊರತು ಯಾರೂ ಕೂತು ಕೇಳಿರಲಿಲ್ಲ. ಕಡೆಯ ಪುಟಕ್ಕೆ ಬಂದಾಗ ದನಿ ಇನ್ನಷ್ಟು ಏರಿತ್ತು.

ಮುಗಿದ ಮೇಲೆ ಆದಗೌಡರು ಕಣ್ಣು ತೆರೆದರು.

“ಛಲೋ ಓದಿದ್ರಿ ಮಾಸ್ತರ. ನನಗ ಒಂದೆರಡು ತಿಳೀಲಿಲ್ಲ, ಕೇಳ್ಲ್ಯಾ?”

“ಕೇಳ್ರಿ ಗೌಡ್ರ.”

“ಆ ಶಬ್ದಕ್ಕ ಮೂಲದಾಗ ಏನ ಅರ್ಥ ಅಂದ್ರಿ?”

“ಬರಿದಾದಕಿ, ಬ್ಯಾರೆ ಆದಕಿ ಅಂತ್ರಿ.”

“ಎಷ್ಟು ವರ್ಷದ ಮಾತದು?”

“ನಾಕೈದು ಸಾವಿರ ವರ್ಷ ಆಗಿರಬೇಕ್ರಿ.”

“ಎಷ್ಟು ಭಾಷಾದಾಗ ಐತಿ?”

“ನನಗ ಸಿಕ್ಕದ್ದು ಹನ್ನೊಂದ್ರಿ.”

ಆದಗೌಡರು ಉಳಿದ ಪಂಚರ ಕಡೆ ತಿರುಗಿದರು. “ಕೇಳಿದ್ರೆಲ್ಲಾ. ನಾವು ಓದು ಬರದ ಅಡ್ಯಾಣಿ ಮಂದಿ, ನಮ್ಮ ಹಿರ್ಯಾರು ಅಂದದ್ದು ತಪ್ಪಿರಬಹುದು. ಆದ್ರ ಹನ್ನೊಂದು ದೇಶದವ್ರು, ಒಬ್ಬರ ಮಾರಿ ಒಬ್ಬರು ನೋಡದವ್ರು, ನಾಕು ಸಾವಿರ ವರ್ಷ ಒಂದ ಮಾತು ಅಂದಾರ. ಬರಿದಾದಕಿ. ಇದು ಸುಳ್ಳು ಅಂತ ನಾ ಹೆಂಗ ಅನ್ಲಿ? ಮಾಸ್ತರ, ನೀವ ಹೇಳ್ರಿ, ಸುಳ್ಳೇನು?”

ಬಿಸಿಲು ಪಡಸಾಲೆಯ ಮೆಟ್ಟಿಲ ತನಕ ಬಂದಿತ್ತು. ಶಬ್ದದ ಅರ್ಥ ಒಂದು, ಹೆಣ್ಣುಮಗಳು ಇನ್ನೊಂದು ಎಂದು ನೇಮಣ್ಣ ಹೇಳಬಹುದಿತ್ತು. ಯಾರೋ ಎಂದೋ ಅಂದದ್ದಕ್ಕೂ ನನ್ನ ತಂಗಿಗೂ ಏನು ಸಂಬಂಧ ಅನ್ನಬಹುದಿತ್ತು. ಆದರೆ ಅವನಿಗೆ ಕೇಳಿಸಿದ್ದು ಅರ್ಥ ಖರೆಯೋ ಸುಳ್ಳೋ ಎಂಬ ಪ್ರಶ್ನೆ ಮಾತ್ರ. ಅದಕ್ಕೆ ಅವನ ಹತ್ತಿರ ಉತ್ತರವಿತ್ತು.

“ಅರ್ಥ ಖರೆ ಐತ್ರಿ,” ಅಂದ.

“ಆತು. ಈಗ ಕಡೀ ಮಾತು ಕೇಳ್ತೇನಿ,” ಅಂದರು ಆದಗೌಡರು. ಅವರ ದನಿಯಲ್ಲಿ ಕೊಂಕಿರಲಿಲ್ಲ. “ನೀವು ತಂಗೀನ ಕೊಡ್ತೇನಿ ಅಂತ ಹೇಳಾಕ ಬಂದೀರೋ, ಕೊಡಬೇಕೋ ಬ್ಯಾಡೋ ಅಂತ ನಮ್ಮನ್ನ ಕೇಳಾಕ ಬಂದೀರೋ? ಕೊಡ್ತೇನಿ ಅಂದ್ರ ನಾವು ಬ್ಯಾಡ ಅನ್ನಾವ್ರಲ್ಲ. ಅದೊಂದ ಹೇಳ್ರಿ.”

ಪಾರ್ಶ್ವನಾಥ ಕೂತಲ್ಲಿಂದ ಅರ್ಧ ಎದ್ದಿದ್ದ. ಒಳಗಿನ ಕಟ್ಟೆಯಲ್ಲಿ ಸೀತಾಬಾಯಿ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು. ನೇಮಣ್ಣ ಕೈಯಲ್ಲಿನ ಹಾಳೆ ನೋಡಿದ. ಆ ಅಕ್ಷರ ನೋಡಿದ. ಅಂಥ ಅಕ್ಷರ ಇನ್ನು ಯಾರು ಬರೆದಾರು ಎಂಬ ಮಾತು ತಲೆಯೊಳಗೆ ಹಾದು ಹೋಯಿತು, ಹೋದದ್ದು ಅವನಿಗೆ ಪೂರಾ ತಿಳಿಯುವ ಮೊದಲೇ ಬಾಯಿ ತೆರೆಯಿತು.

“ಇದರ ಬಗ್ಗೆ ಇನ್ನೂ ಸ್ವಲ್ಪ ವಿಚಾರ ಆಗಬೇಕ್ರಿ,” ಅಂದ. “ಪುಣೇದ ದೊಡ್ಡ ವಿದ್ವಾಂಸರಿಗೆ ಒಂದು ಪತ್ರಾ ಬರೀತೇನಿ.”

“ಹಂಗಾರ ವಿಚಾರ ಆಗಲಿ,” ಅಂದರು ಆದಗೌಡರು. “ವಿಚಾರ ಆದ ಮ್ಯಾಲೆ ಬರ್ರಿ.” ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು. ಎಲೆ ಅಡಿಕೆಯ ತಬಕು ಹಾಗೇ ಉಳಿಯಿತು. ಗೌರಕ್ಕ ನೇಮಣ್ಣನನ್ನು ದಿಟ್ಟಿಸಿ ನೋಡಿ, ಬೈಯಲೂ ಮನಸ್ಸಾಗದೆ, ಸೋದರಳಿಯನ ತೋಳು ಹಿಡಿದು ಕರೆದುಕೊಂಡು ಹೋದಳು.

ಆ ದಿನ ಸೀತಾಬಾಯಿ ಒಲೆ ಹಚ್ಚಲಿಲ್ಲ. ಪದ್ಮವ್ವ ಹಚ್ಚಿದಳು. ರೊಟ್ಟಿ ಬಡಿದಳು, ಅಣ್ಣನಿಗೆ ನೀಡಿದಳು. ಅವಳು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಲಿಲ್ಲ, ಅದಕ್ಕಾಗಿಯೇ ಆ ಮನೆಯಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಪಾರ್ಶ್ವನಾಥ ಒಳ್ಳೆಯ ಮನುಷ್ಯ. ದೀಪಾವಳಿಗೆ ಮತ್ತೆ ಗೌರಕ್ಕನನ್ನು ಕಳಿಸಿದ. ಹುಕ್ಕೇರಿ ಬ್ಯಾಡ, ನಮ್ಮ ಮಸಗುಪ್ಪಿ ಪಂಚರ ಮುಂದೆ ಬಂದು ಒಂದು ಮಾತು ಹೇಳ್ರಿ, ನಮ್ಮವ್ರು ತಕರಾರು ಮಾಡಂಗಿಲ್ಲ ಎಂದು ಹೇಳಿಸಿದ. ನೇಮಣ್ಣ ಪುಣೆಯ ಉತ್ತರಕ್ಕೆ ಕಾಯುತ್ತಿದ್ದ. ಹಿರಿಯರ ಮುಂದೆ ವಿಚಾರ ಆಗಲಿ ಎಂದು ಒಪ್ಪಿ ಬಂದವನು, ವಿಚಾರ ಆಗದೆ ಹೇಗೆ ಹೋಗಬೇಕು? ಉತ್ತರ ಬರುವ ತನಕ ತಡೀರಿ ಅಂದ. ಉತ್ತರ ಬಂದದ್ದು ಮಾಘದಲ್ಲಿ. ಒಂದು ಕಾರ್ಡು, ಎರಡು ಸಾಲು. ನಿಮ್ಮ ಪತ್ರ ತಲುಪಿತು, ವಿಷಯ ಸ್ವಾರಸ್ಯವಾಗಿದೆ. ಅಷ್ಟೇ. ಅಷ್ಟರಲ್ಲಿ ಮಸಗುಪ್ಪಿಯಲ್ಲಿ ಜೋಳ ಕೊಯ್ಲಿಗೆ ಬಂದಿತ್ತು, ಪಾರ್ಶ್ವನಾಥನ ಮಗುವಿಗೆ ದಡಾರ ಎದ್ದು ನೋಡಿಕೊಳ್ಳುವವರಿಲ್ಲದೆ ಒದ್ದಾಡಿ, ಮನೆಯವರು ಇನ್ನು ಕಾಯುವುದಿಲ್ಲ ಅಂದಿದ್ದರು.

ಅದರ ಮುಂದಿನ ಸುದ್ದಿ ತಂದವನು ಕೌಜಲಗಿಯ ತವನಪ್ಪ. ಸೀತಾಬಾಯಿಯ ಸೋದರಮಾವನ ಮಗ, ಹೆಬ್ಬೆಟ್ಟೊತ್ತುವ ರೈತ. ಅವನ ತಂಗಿ ಚಂಪವ್ವನೂ ಗಂಡ ಸತ್ತವಳು. ಹುಕ್ಕೇರಿಯ ಕತೆ ಅವನ ಕಿವಿಗೆ ಬಿದ್ದಿರಲಿಲ್ಲ. ಹಿಗ್ಗಿನಿಂದ ಬಂದು ಕೂತು ಹೇಳಿದ. “ಅಕ್ಕಾ, ಚಂಪಿದು ಉಡಿಕಿ ನಿಕ್ಕಿ ಆತು. ಮಸಗುಪ್ಪಿ ಪಾರ್ಶ್ವನಾಥ ಅಂತ, ಬಂಗಾರದಂಥಾ ಮನಷ್ಯಾ. ನಾ ಪಂಚರ ಮುಂದ ನಿಂತಾಗ ಕಾಲು ನಡಗಾಕತ್ತಿದ್ವು ನೋಡು. ಕೊಡ್ತೇನ್ರೆಪ್ಪಾ ಅಂದ್ನಿ, ಕುಂತಬಿಟ್ನಿ.” ಆಮೇಲೆ ಧ್ವನಿ ತಗ್ಗಿಸಿ, ಬಂದ ಕೆಲಸ ಹೇಳಿದ. ಉಡಿಕೆಯಲ್ಲಿ ಮುತ್ತೈದೆಯರು ಎದುರಿಗೆ ಬರುವುದಿಲ್ಲ. ಹೆಣ್ಣಿಗೆ ಹೊಸ ಸೀರೆ ಉಡಿಸಿ, ಬಳೆ ಇಡಿಸಿ ಹೊರಗೆ ಕರೆತರುವವಳು ಬಳಗದ ವಿಧವೆಯೇ ಆಗಿರಬೇಕು. ತಮ್ಮ ಬಳಗದಲ್ಲಿ ಇರುವವರೆಲ್ಲ ಕಣ್ಣು ಕಾಣದ ಮುದುಕಿಯರು. ಪದ್ಮಕ್ಕನನ್ನು ಕಳಿಸಬೇಕು.

ಸೀತಾಬಾಯಿ ಎದ್ದು ನಿಂತಳು. “ನಾಚಿಕಿ ಐತೇನ್ ನಿನಗ?” ಎಂದು ಶುರು ಮಾಡುವಷ್ಟರಲ್ಲಿ ಪದ್ಮವ್ವ ಅಡುಗೆಮನೆಯಿಂದ ಬಂದಳು.

“ನಾ ಬರ್ತೇನಿ ತವನಪ್ಪಣ್ಣಾ. ಹೊತ್ತ ಎಷ್ಟಕ್ಕ ಐತಿ?”

ಅಣ್ಣನೇ ಜೊತೆಗೆ ಹೋಗಬೇಕಾಯಿತು. ಮಸಗುಪ್ಪಿಯಲ್ಲಿ ಇಳಿಹೊತ್ತಿಗೆ ಪಾರ್ಶ್ವನಾಥನ ಮನೆಯ ಹಿಂದಿನ ಖೋಲಿಯ ಬಾಗಿಲು ಹಾಕಿಕೊಂಡರು. ಒಳಗೆ ಚಂಪವ್ವ, ಪದ್ಮವ್ವ, ಇನ್ನಿಬ್ಬರು ಮುದುಕಿಯರು. ಹೊರಗೆ ಗಂಡಸರು ಹೊತ್ತು ಮುಳುಗುವ ಮೊದಲು ಗಡಿಬಿಡಿಯಲ್ಲಿ ಊಟ ಮುಗಿಸಿದರು. ನೇಮಣ್ಣನ ಎಲೆಗೆ ಪಾರ್ಶ್ವನಾಥ ತಾನೇ ಹೋಳಿಗೆ ಬಡಿಸಿದ. “ಊಟಾ ಮಾಡ್ರಿ ಮಾಸ್ತರ,” ಅಂದ, ಮುಖ ನೋಡಲಿಲ್ಲ. ನೇಮಣ್ಣ ಹೋಳಿಗೆ ಮುರಿದು ಮುರಿದು ಎಲೆಯಲ್ಲೇ ಬಿಟ್ಟ. ಬಾಗಿಲಾಚೆ ಚಂಪವ್ವ ಬಿಕ್ಕಿ ಬಿಕ್ಕಿ ಅಳುವುದು ಕೇಳುತ್ತಿತ್ತು. ಅದರ ನಡುವೆ ಪದ್ಮವ್ವನ ದನಿ. “ಕೈ ಎತ್ತವ್ವಾ. ನಿರಿಗಿ ಹಿಡಿ. ಅಳಬ್ಯಾಡ, ಕುಂಕುಮಾ ಕದಡ್ತೈತಿ.” ಬಾಗಿಲು ತೆರೆಯುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡ ಚಂಪವ್ವನನ್ನು ಹೊಸ್ತಿಲ ತನಕ ತಂದು ಬಿಟ್ಟು ಪದ್ಮವ್ವ ಪಕ್ಕಕ್ಕೆ ಸರಿದು ನಿಂತಳು. ಅವಳಿಗೆ ಊಟ ತಪ್ಪಿತ್ತು. ಯಾರ ಗಮನಕ್ಕೂ ಬರಲಿಲ್ಲ.

ಆ ಊರ ಬಸದಿಯಲ್ಲಿ ತಂಗಿದ್ದು, ಮರುದಿನ ಬೆಳಿಗ್ಗೆ ಚಕ್ಕಡಿಯಲ್ಲಿ ಮೂಡಲಗಿಗೆ ಬಂದು ಗೋಕಾಕದ ಮೋಟಾರಿಗೆ ಕಾದರು. ನೇಮಣ್ಣ ಓಡಿ ಹೋಗಿ ನಾಲ್ಕು ಬಾಳೆಹಣ್ಣು ತಂದ. ಪದ್ಮವ್ವ ಒಂದು ತಿಂದಳು. ಸಿಪ್ಪೆಯನ್ನು ಅಲ್ಲೇ ನಿಂತಿದ್ದ ಆಡಿಗೆ ಕೊಟ್ಟಳು.

“ನನ್ನ ಮ್ಯಾಲ ಸಿಟ್ಟೈತೇನವ್ವಾ?” ಎಂದು ಕೇಳಿದ ನೇಮಣ್ಣ. ಆರು ತಿಂಗಳಿಂದ ಕೇಳಬೇಕೆಂದು ಕೇಳದೆ ಉಳಿದ ಮಾತು.

“ಮೊದಲಿತ್ರಿ. ಈಗಿಲ್ಲ.”

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಆದಗೌಡ್ರು ನಿಮಗ ಕಡೀಕ ಹಾದಿ ಬಿಟ್ಟು ಕೊಟ್ಟಿದ್ರು ಅಣ್ಣಾ. ಕೊಡ್ತೇನಿ ಅನ್ರಿ, ಬ್ಯಾಡ ಅನ್ನಂಗಿಲ್ಲ ಅಂದ್ರು. ಆಗ ನಿಮಗ ಮಾತು ಹೊಳೀಲಿಲ್ಲ ಅಂತ ನಾ ತಿಳದಿದ್ನಿ. ಅಣ್ಣಾ ಭೋಳೇ ಸ್ವಭಾವದಂವಾ, ಗಾಬ್ರಿ ಆದಾ ಅಂತ. ತವನಪ್ಪಣ್ಣನ ನೋಡಿದ ಮ್ಯಾಲ ತಿಳೀತು. ಆಂವಗೂ ಕಾಲು ನಡಗಿದ್ವು. ಆದ್ರ ತಂಗೀನ ಕಳಸೂದು ಆಂವಗ ಬೇಕಾಗಿತ್ತು, ಕಳಿಸಿದಾ. ನಾ ಹ್ವಾದ್ರ ನಿಮಗ ಬರ್ಯಾವ್ರು ಇರಲಿಲ್ಲ.”

ಇಲ್ಲ ಅನ್ನಬೇಕೆಂದು ನೇಮಣ್ಣ ಬಾಯಿ ತೆರೆದ. ಪಡಸಾಲೆಯ ಬಿಸಿಲು, ಕೈಯಲ್ಲಿನ ಹಾಳೆ, ಆ ಹಾಳೆಯ ಮೇಲೆ ತನ್ನ ಕಣ್ಣು ನಿಂತ ಗಳಿಗೆ, ಎಲ್ಲ ಒಟ್ಟಿಗೆ ಎದುರು ಬಂತು. ಅಲ್ಲೇ ಕಲ್ಲಿನ ಮೇಲೆ ಕೂತ.

“ಹೌದವ್ವಾ,” ಅಂದ.

ಪದ್ಮವ್ವ ತಲೆಯಾಡಿಸಿದಳು.

“ಅದನ್ನ ಮನ್ಯಾಗ ಹೇಳಿದ್ರ ಆಗತಿತ್ತು. ಬಿಟ್ಟು ಹೋಗಬ್ಯಾಡ ಪದ್ಮಾ ಅಂದಿದ್ರ ನಾನ ಇರತಿದ್ನಿ. ಹತ್ತು ವರ್ಷ ನೆರಳು ಕೊಟ್ಟೀರಿ, ನಿಮ್ಮ ಮಾತು ಮೀರತಿದ್ದಿಲ್ಲ. ಅದಕ್ಕ ಅಷ್ಟು ಮಂದೀ ಮುಂದ ನಿಂತು, ನನ್ನ ಕೈಯಾಗ ಬರಿಸಿದ ಕಾಗದಾ ಹಿಡದು, ನಾ ಬರಿದಾದಕಿ ಅಂತ ಓದೂ ಜರೂರು ಇರಲಿಲ್ಲ.”

ಮೋಟಾರು ಬಂತು. ಅವಳು ಚೀಲ ಎತ್ತಿಕೊಂಡು ಹತ್ತಿ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು. ನೇಮಣ್ಣ ಕೂತ ಕಲ್ಲಿನಿಂದ ಏಳಲಿಲ್ಲ. ಕಂಡಕ್ಟರ ಎರಡು ಸಲ ಕೂಗಿದ. ಮೂರನೆಯ ಸಲ ಪದ್ಮವ್ವನೇ ಕಿಟಕಿಯಿಂದ ಮುಖ ಹೊರಗೆ ಹಾಕಿ ಕರೆದಳು.

“ಬರ್ರಿ ಅಣ್ಣಾ. ನಾ ಮತ್ತೆಲ್ಲಿ ಹೋಗಲಿ, ನಿಮ್ಮ ಮನಿಗೇ ಹೋಗಬೇಕು.”